ಕೆಡುವ ಮುಂಚೆ

ಫೆಬ್ರವರಿ 6, ಸೋಮವಾರ. ಬೆಳಿಗ್ಗೆ 8.55

ಒತ್ತಿದೆ. ಫೋನಿನಲ್ಲಿ ಹಸಿರು ಗುಂಡಿ, ಮೇಲೆ ಒಂದೇ ಮಾತು — "ಇದ್ದೇನೆ". ಒಂಬತ್ತರೊಳಗೆ ಒತ್ತಬೇಕು. ಇಲ್ಲದಿದ್ದರೆ ಒಂಬತ್ತೂ ಹತ್ತಕ್ಕೆ ಸಂಸ್ಥೆಯಿಂದ ಕರೆ; ಸತ್ತವರನ್ನು ಮುಂದೊಂದು ಕಾಲಕ್ಕೆ ಎಬ್ಬಿಸಬಹುದು ಅಂತ ಹೆಪ್ಪುಗಟ್ಟಿಸಿ ಇಡುವ ಸಂಸ್ಥೆ. ಎತ್ತದಿದ್ದರೆ ಒಂಬತ್ತೂವರೆಗೆ ಬಾಗಿಲು ಒಡೀತಾರೆ. ಹಾಲಿಸ್ ಸತ್ತ ಮೇಲೆ ನಾವು ಸದಸ್ಯರೇ ಕೂತು ಮಾಡಿಕೊಂಡ ಕಾಯಿದೆ ಇದು.

ಹಾಲಿಸ್ ಹತ್ತೊಂಬತ್ತು ವರ್ಷದಿಂದ ಸದಸ್ಯ. ನನ್ನ ಹಾಗೇ ಕೈಗೆ ಸ್ಟೀಲ್ ಬಳೆ. ಬಳೆ ಮೇಲೆ ಕೆತ್ತಿದ್ದು: ತಕ್ಷಣ ಐಸ್‌ನಲ್ಲಿಡಿ, ಕೊಯ್ಯಬೇಡಿ. ಆಗಸ್ಟ್‌ನಲ್ಲಿ ಅಡುಗೆಮನೆಯಲ್ಲಿ ಒಬ್ಬನೇ ಬಿದ್ದ. ಮೂರನೇ ದಿನ ಸಿಕ್ಕ. ಅರಿಜೋನಾದ ಆಗಸ್ಟ್. ಶವಪರೀಕ್ಷೆಯ ಸರ್ಕಾರಿ ಡಾಕ್ಟರು ಬಳೆ ಓದಿದರೋ ಇಲ್ಲವೋ… ಬುರುಡೆ ಬಿಚ್ಚಿ, ನೋಡಿ, ಹೊಲಿದರು. ಹತ್ತೊಂಬತ್ತು ವರ್ಷದ ಆಸೆ ಒಂದು ಬಕೆಟ್ಟಿಗೆ ಹೋಯಿತು.

ಇವತ್ತಿನಿಂದ ಬರೆಯುತ್ತೇನೆ. ಯಾರಿಗೂ ಅಲ್ಲ. ಯಾವ ಪದ ಯಾವ ದಿನ ಹೋಯಿತು ಅಂತ ಗೊತ್ತಾಗಬೇಕು, ಅಷ್ಟೇ.

ಇವತ್ತು ಹೋದದ್ದು: ಕಿಟಕಿಗೆ ಇಳಿಬಿಡುತ್ತಾರಲ್ಲ, ಬಟ್ಟೆ. ಅರ್ಧ ಗಂಟೆ ನೋಡಿದೆ. ಬರಲಿಲ್ಲ.

ಫೆಬ್ರವರಿ 9, ಗುರುವಾರ

ಸ್ಕ್ಯಾನ್ ಆಯಿತು. ತಲೆಯೊಳಗಿನ ಗಡ್ಡೆ ನವೆಂಬರ್‌ನಲ್ಲಿ ದ್ರಾಕ್ಷಿಯಷ್ಟಿತ್ತಂತೆ. ಈಗ ಪ್ಲಮ್ ಹಣ್ಣು. ಈ ಡಾಕ್ಟರುಗಳಿಗೆ ಹಣ್ಣಿನಂಗಡಿ ಬಿಟ್ಟು ಬೇರೆ ಅಳತೆ ಗೊತ್ತಿಲ್ಲ.

"ಮುಂದಿನ ಹಣ್ಣು ಯಾವುದು ಡಾಕ್ಟರೇ?" ಅಂದೆ.

ಅವಳು ನಗಲಿಲ್ಲ. "ನಾಲ್ಕು ತಿಂಗಳು ರೋವೀನಾ. ಐದೂ ಆಗಬಹುದು. ಆದರೆ ನೆನಪು, ಮಾತು… ಅವು ಅಷ್ಟು ದಿನ ಬರಲ್ಲ. ಗಡ್ಡೆ ಕೂತಿರೋ ಜಾಗ ಅಂಥದ್ದು."

ಬೇರೆಯವರಾದರೆ ಐದನ್ನು ಆರು ಮಾಡಿ ಅಂತ ಕಾಲು ಹಿಡಿಯುತ್ತಿದ್ದರು. ನನಗೆ ನಾಲ್ಕೂ ಹೆಚ್ಚು. ಟೆಕ್ಸಸ್‌ನ ಮಾಂಸದ ಪ್ಲಾಂಟಿನಲ್ಲಿ ಮೂವತ್ತೊಂದು ವರ್ಷ ಸವೆಸಿ ಕಲಿತದ್ದು ಒಂದೇ — ಕೆಟ್ಟದ್ದನ್ನು ಫ್ರೀಜರ್‌ಗೆ ಹಾಕಿದರೆ ಕೆಟ್ಟದ್ದೇ ಹೊರಗೆ ಬರುತ್ತದೆ. ಗಡ್ಡೆ ನನ್ನನ್ನು ತಿಂದು ಮುಗಿಸಿದ ಮೇಲೆ ಯಾರನ್ನು ತಣ್ಣಗಿಡೋದು? ಖಾಲಿ ಬುರುಡೆಯನ್ನೇ?

ದಾರಿ ಇದೆ. ಈ ರಾಜ್ಯದಲ್ಲಿ ಸಾಯಲು ಸೂಜಿ ಚುಚ್ಚುವ ಹಾಗಿಲ್ಲ. ಆದರೆ ಉಣ್ಣು, ಕುಡಿ ಅಂತ ಬಲವಂತ ಮಾಡುವ ಹಾಗೂ ಇಲ್ಲ. ಅನ್ನ ನೀರು ಬಿಡುವುದು. ಹತ್ತರಿಂದ ಹದಿನಾಲ್ಕು ದಿನ. ಸಂಸ್ಥೆಯವರು ಪಕ್ಕದಲ್ಲೇ ಕಾದು ಕೂತಿರುತ್ತಾರೆ. ನಾನು ಸತ್ತೆ ಅಂತ ನರ್ಸು ಹೇಳಿದ ನಿಮಿಷಕ್ಕೆ ಐಸ್.

ಬಹಳ ಕಾಲ ಬದುಕಬೇಕಾದರೆ ಬೇಗ ಸಾಯಬೇಕು.

ಫೆಬ್ರವರಿ 14, ಮಂಗಳವಾರ

ಮಗಳು ಬಂದಳು. ಡೆಲ್ಫೀನ್. ಟೆಕ್ಸಸ್‌ನ ಅಮರಿಲ್ಲೋದಿಂದ ಹನ್ನೊಂದು ಗಂಟೆ ಒಬ್ಬಳೇ ಕಾರು ಓಡಿಸಿಕೊಂಡು. ಹಿಂದಿನ ಸೀಟಿನಲ್ಲಿ ಎರಕದ ಬಾಣಲೆ, ಜೋಳದ ಹಿಟ್ಟು, ಬೈಬಲ್. ಶಾಲೆಯ ಅಡುಗೆಮನೆಯಲ್ಲಿ ಆರುನೂರು ಮಕ್ಕಳಿಗೆ ಬೇಯಿಸಿ ಹಾಕುವವಳು. ತಾಯಿ ಉಪವಾಸ ಸಾಯುತ್ತೇನೆ ಅಂದರೆ ಹೇಗಿರಬೇಡ.

"ಜನ ಇನ್ನೊಂದು ತಿಂಗಳು ಸಿಗ್ಲಿ ಅಂತ ಹರಕೆ ಹೊರ್ತಾರೆ. ನೀನು ಇರೋದನ್ನೂ ಬಿಸಾಕ್ತೀಯಲ್ಲಮ್ಮ."

"ಬಿಸಾಕ್ತಿಲ್ಲ ಕಣೆ. ಎತ್ತಿಡ್ತಿದೀನಿ."

"ತಲೆ ಕೊಯ್ಯಿಸ್ಕೊಂಡು!"

ಹೌದು, ನಾನು ಇಡಿಸುವುದು ತಲೆ ಮಾತ್ರ. ಇಡೀ ದೇಹ ಇಡಿಸುವುದು ದುಡ್ಡಿದ್ದವರ ಬಾಬತ್ತು. ದೇಹದಿಂದ ನನಗೇನಾಗಬೇಕು? ಸೊಂಟ, ಭುಜ, ಬೆರಳ ಗಿಣ್ಣು ಎಲ್ಲ ಕಂಪನಿ ತಿಂದಿದೆ. ಎಷ್ಟು ಬಡಿದರೂ ಅವರಿಗೆ ಸಿಗದೆ ಉಳಿದದ್ದು ಈ ತಲೆ ಒಂದೇ. ಇದು ನನ್ನದು.

"ಸ್ವರ್ಗ ಇದೆ ಅಮ್ಮ."

"ಅಲ್ಲೂ ಒಬ್ಬ ಮಾಲೀಕ ಇದಾನೆ. ಯೂನಿಯನ್ ಕಟ್ಟೋಕೆ ಬಿಡ್ತಾನಾ ಕೇಳು."

ನಕ್ಕುಬಿಟ್ಟಳು. ಮೂಗಿನಿಂದ ಸಿಂಬಳ ಬರುವಷ್ಟು ನಕ್ಕಳು. ಆಮೇಲೆ ಬಾಣಲೆ ಹಿಡಿದುಕೊಂಡೇ ಅತ್ತಳು.

"ಇನ್ನೊಂದು ಬದುಕು ಸಿಕ್ಕಿದ್ರೂ ಅದ್ರಲ್ಲಿ ನಾನಿರಲ್ಲ. ಅದು ಯೋಚನೆ ಮಾಡಿದೀಯಾ?"

ಮಾಡಿದ್ದೇನೆ. ಇವಳನ್ನು ಹೆತ್ತ ಏಳನೇ ವಾರಕ್ಕೆ ಶಿಫ್ಟ್‌ಗೆ ಹೋದೆ. ಎದೆಹಾಲು ಏಪ್ರನ್ನಿಗೆ ಸೋರುತ್ತಿತ್ತು, ಫ್ರೀಜರಿನಲ್ಲಿ ಅದೇ ಹೆಪ್ಪುಗಟ್ಟುತ್ತಿತ್ತು. ಇವಳು ಮೊದಲ ಹೆಜ್ಜೆ ಇಟ್ಟದ್ದು ಪಕ್ಕದ ಮನೆಯವರು ಹೇಳಿ ಗೊತ್ತಾಯಿತು. ಅರವತ್ಮೂರು ವರ್ಷ ಅಂತ ಕಾಗದದಲ್ಲಿದೆ. ನನಗೆ ಸಿಕ್ಕದ್ದು ಅದರಲ್ಲಿ ಅರ್ಧ. ಉಳಿದರ್ಧ ಕದ್ದ ಮಾಲು. ಅದು ವಾಪಸ್ ಬೇಕು. ಇದು ಆಸೆ ಅಲ್ಲ. ಬೇಡಿಕೆ.

ಫೆಬ್ರವರಿ 18, ಶನಿವಾರ

ಸಂಸ್ಥೆಯಲ್ಲಿ ಸದಸ್ಯರ ತಿಂಗಳ ಸಭೆ. ನಿವೃತ್ತ ಎಂಜಿನಿಯರುಗಳು, ಕಂಪ್ಯೂಟರಿನವರು. ತಟ್ಟೆಯಲ್ಲಿ ಕ್ಯಾರೆಟ್ ಕಡ್ಡಿ. ಸಕ್ಕರೆ ಯಾರೂ ಮುಟ್ಟಲ್ಲ.

ಎದ್ದ ಮೇಲೆ ಮೊದಲು ಏನು ಮಾಡ್ತೀರಿ ಅಂತ ಸುತ್ತು ಕೇಳುತ್ತಾ ಬಂದರು. ಒಬ್ಬ ಶನಿಗ್ರಹದ ಬಳೆ ನೋಡುತ್ತಾನಂತೆ. ಒಬ್ಬಳು ಪಿಯಾನೋ ಕಲಿಯುತ್ತಾಳಂತೆ. ನನ್ನ ಸರದಿ ಬಂತು.

"ಹನ್ನೆರಡು ಗಂಟೆವರೆಗೆ ಮಲಗ್ತೀನಿ."

ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಆಮೇಲೆ ಟ್ಯಾಂಕ್ ಹಾಲ್‌ಗೆ ಹೋದೆ. ಎರಡಾಳು ಎತ್ತರದ ಸ್ಟೀಲ್ ಪೀಪಾಯಿಗಳು, ಹೊಳೆಯುತ್ತವೆ. ಒಳಗೆ ಎಲ್ಲರೂ ತಲೆಕೆಳಗಾಗಿ. ತಣ್ಣನೆಯ ದ್ರವ ಸೋರಿದರೆ ಮೊದಲು ಪಾದ ಕೆಡಲಿ, ತಲೆ ಕೊನೆಗೆ ಅಂತ. ಒಂದಕ್ಕೆ ಕಿವಿ ಇಟ್ಟೆ. ಪ್ಲಾಂಟಿನ ಫ್ರೀಜರ್ ಇಪ್ಪತ್ನಾಲ್ಕು ಗಂಟೆ ಗುರುಗುಡುತ್ತಿತ್ತು. ಇದು ಉಸಿರೂ ಬಿಡಲ್ಲ. ಒಳಗಿರುವವರಲ್ಲಿ ಯಾರಿಗಾದರೂ ಅರ್ಧ ಎಚ್ಚರ ಇದ್ದರೆ? ಕೂಗಲು ಬಾಯಿಲ್ಲದೆ?

ಇಂಥದ್ದನ್ನು ಹಗಲಲ್ಲಿ ಬರೆಯುತ್ತಿದ್ದೇನೆ. ಸದ್ಯ.

ಫೆಬ್ರವರಿ 24, ಶುಕ್ರವಾರ

ನರ್ಸು ಮಾರಿಸೆಲಾ ಬಂದು ಕಾಗದಕ್ಕೆಲ್ಲ ಸಹಿ ಹಾಕಿಸಿಕೊಂಡಳು. ಮನೆಯಲ್ಲಿ ಸಾಯುವವರನ್ನು ನೋಡಿಕೊಳ್ಳುವುದೇ ಅವಳ ಕೆಲಸ. ನೇರ ಹೆಂಗಸು. ಇಷ್ಟವಾದಳು.

"ಮೊದಲ ಮೂರು ದಿನ ಹಸಿವು. ಆಮೇಲೆ ಅದು ಸಾಯುತ್ತೆ. ಬಾಯಾರಿಕೆ ಸಾಯಲ್ಲ ಮಿಸ್ ರೋ. ಅದು ನಿಮ್ಮ ಜೊತೆ ಕೊನೇವರೆಗೂ ಬರುತ್ತೆ. ತುಟಿ ಒರೆಸ್ತೀನಿ, ಔಷಧಿ ಕೊಡ್ತೀನಿ. ಆದ್ರೆ ಒಂದು ಮಾತು. ನೀವು ನೀರು ಕೇಳಿದ್ರೆ ನಾನು ಕೊಡ್ಲೇಬೇಕು. ಕೇಳಿದೋರಿಗೆ ಇಲ್ಲ ಅನ್ನೋದು ನನ್ನ ಕೈಲಾಗಲ್ಲ."

"ನಾನು ಕೇಳಲ್ಲ."

"ಎಲ್ರೂ ಹಾಗೇ ಅಂತಾರೆ."

ಫೆಬ್ರವರಿ 27, ಸೋಮವಾರ. ಸಂಜೆ

ಕೊನೆಯ ಊಟ. ಕಾರ್ನ್‌ಬ್ರೆಡ್, ಹಂದಿಮಾಂಸ ಹಾಕಿದ ಬೀನ್ಸ್, ಪೀಚ್ ಹಣ್ಣಿನ ಸಿಹಿ. ಮಗಳು ತಿನ್ನಲಿಲ್ಲ. ನಾನು ಎರಡು ಸಲ ಬಡಿಸಿಕೊಂಡೆ. ಸಿಹಿ ಚಹಾ ನಾಲ್ಕು ಲೋಟ. ಐದನೆಯದನ್ನು ಕೈಯಲ್ಲಿ ಹಿಡಿದು ಕೂತೆ, ಲೋಟ ಬೆವರುವುದನ್ನೇ ನೋಡುತ್ತ. ಕುಡಿದೆ.

ಫೆಬ್ರವರಿ 28. ಮೊದಲ ದಿನ

ಏನಿಲ್ಲ. ಸ್ಟ್ರೈಕಿನಲ್ಲಿ ಇದಕ್ಕಿಂತ ಹಸಿದಿದ್ದೇನೆ.

ಮಾರ್ಚ್ 2. ಮೂರನೇ ದಿನ

ನಾಲಿಗೆ ಚಪ್ಪಲಿ ಅಟ್ಟೆ. ಹೊರಗೆ ಪಕ್ಕದವರು ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಿದ್ದಾರೆ. ಮರಳುಗಾಡಿನಲ್ಲಿ ಹುಲ್ಲು ಬೆಳೆಸೋ ಹುಚ್ಚರು. ಸದ್ದು ನಿಲ್ಲಿಸೋಕೆ ಹೇಳು ಅಂತ ಮಗಳಿಗೆ ಅಂದೆ. ಹೋಗಿ ಹೇಳಿದಳು. ನಿಂತ ಮೇಲೆ ಇನ್ನೂ ಕಷ್ಟ.

ಮಾರ್ಚ್ 3. ನಾಲ್ಕು

ಥ್ಯಾಡ್ ಮತ್ತವನ ತಂಡ ಬಂತು. ಆರು ಜನ, ಒಂದು ವ್ಯಾನು. ಥ್ಯಾಡ್ ಮೊದಲು ಆಂಬುಲೆನ್ಸ್ ಓಡಿಸುತ್ತಿದ್ದವನು, ಈಗ ಸಂಸ್ಥೆಯಲ್ಲಿ ಇದೇ ಕೆಲಸ: ಸಾಯುವವರ ಪಕ್ಕ ಕಾಯುವುದು.

"ಇನ್ನೂ ಬಹಳ ದಿನ ಇದೆಯಲ್ಲೋ, ಈಗ್ಲೇ ಯಾಕ್ ಬಂದೆ?"

"ನಮ್ ಕೆಲಸ ಹಂಗೇ ರೋವೀನಾ ಅವ್ರೇ. ಮುಂಚೆ ಬಂದ್ರೆ ರಣಹದ್ದು ಅಂತಾರೆ, ತಡವಾಗಿ ಬಂದ್ರೆ ಕೊಲೆಗಾರ ಅಂತಾರೆ. ರಣಹದ್ದೇ ವಾಸಿ."

ಮೂಟೆ ಮೂಟೆ ಐಸ್ ತಂದರು. ಮಗಳ ಕೋಣೆಯ ತುಂಬ ಪಂಪು, ಮಂಚ, ಔಷಧದ ಪೆಟ್ಟಿಗೆ. ಐಸ್ ಎಲ್ಲಿಟ್ಟರೋ ಗೊತ್ತಿಲ್ಲ. ದೃಷ್ಟಿ ನಿಲ್ಲುತ್ತಿಲ್ಲ. ಬರಹ ಸೊಟ್ಟ.

ಶನಿವಾರ

ಎಲ್ಲರೂ ಮಲಗಿದ್ದಾರೆ. ಮಧ್ಯಾಹ್ನ. ಬಚ್ಚಲಿಗೆ ಗೋಡೆ ಹಿಡಿದು ಹೋದೆ. ಏನು ಚಂದ! ಸ್ನಾನದ ತೊಟ್ಟಿ ತುಂಬ ಐಸ್. ಅಂಚಿನವರೆಗೂ. ಯಾರೋ ಪಾರ್ಟಿ ಇಟ್ಟಿದ್ದಾರೆ. ಬಿಯರ್ ಇನ್ನೂ ಬಂದಿಲ್ಲ. ಯೂನಿಯನ್ ಒಪ್ಪಂದಕ್ಕೆ ಸಹಿ ಬಿತ್ತು ಅಂತ ಕಾಣುತ್ತೆ, ಅದಕ್ಕೇ ಸಂಭ್ರಮ. ನನಗ್ಯಾಕೆ ಹೇಳಲಿಲ್ಲ? ಎರಡು ಹಿಡಿ ತಿಂದೆ. ಇನ್ನೆರಡು. ಅಂಗಿಯೊಳಕ್ಕೂ ಹಾಕಿಕೊಂಡೆ. ಕರಗಿದ್ದನ್ನು ಮಗ್ಗಿನಲ್ಲಿ ಮೊಗೆದು ಮೊಗೆದು… ಇಂಥ ರುಚಿ ಜನ್ಮದಲ್ಲಿ ಕಂಡಿಲ್ಲ.

ಮಾರ್ಚ್ 5, ಭಾನುವಾರ

ತಲೆ ತಿಳಿಯಾಗಿದೆ. ನೀರು ಹೊಟ್ಟೆಗೆ ಹೋಗಿದೆ, ಅದಕ್ಕೆ. ನಿನ್ನೆಯದನ್ನು ಓದಿದೆ. ನನ್ನದೇ ಕೈಬರಹ. ಒಂದಕ್ಷರವೂ ನೆನಪಿಲ್ಲ.

ಐದು ದಿನದ ಬಾಯಾರಿಕೆ ಮಣ್ಣುಪಾಲು. ಮತ್ತೆ ಒಂದರಿಂದ.

ಥ್ಯಾಡ್ ತಲೆ ತಗ್ಗಿಸಿ ನಿಂತಿದ್ದ. "ಹೊರಗೆ ಬಿಸಿಲು. ಬೇಗ ಕರಗುತ್ತೆ. ತೊಟ್ಟಿಯಲ್ಲಾದ್ರೆ ನಿಮ್ಮನ್ನ ನೇರ ಅದಕ್ಕೇ ಇಳಿಸ್ಬೋದು, ಒಂದೂವರೆ ನಿಮಿಷ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ವಿ. ಎಲ್ಲಾ ಕಡೆ ಹಾಗೇ ಮಾಡೋದು."

"ಎಲ್ಲಾ ಕಡೆ ನೀರು ಬಿಟ್ಟೋರು ಇರ್ತಾರೇನೋ?"

ನೋಡಿ ಇವರ ಬುದ್ಧಿ! ಸತ್ತ ರೋವೀನಾಗೆ ನಿಮಿಷ, ಸೆಕೆಂಡು, ಡಿಗ್ರಿ ಎಲ್ಲ ಲೆಕ್ಕ ಹಾಕಿದ್ದಾರೆ. ಉಸಿರಾಡುತ್ತಿರುವ ರೋವೀನಾ ಬಾಯಾರಿ ಆ ಬಾಗಿಲು ತೆಗೆಯಬಹುದು ಅಂತ ಆರು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಚೆನ್ನಾಗಿ ಬೈದೆ. ಬೈಯಲು ಪದ ಪೂರ್ತಿ ಇದ್ದವು, ಅದೊಂದು ಸಮಾಧಾನ.

ಐಸ್ ಎತ್ತಿ ವ್ಯಾನಿಗೆ ಸಾಗಿಸಿದರು. ಆ ಕರಕರ ಸದ್ದು…

ಭಯ ಐಸಿನದ್ದಲ್ಲ. ನಿನ್ನೆ ಬಚ್ಚಲಿಗೆ ಹೋದವಳದ್ದು. ಅವಳಿಗೆ ನಾನು ಗೊತ್ತಿಲ್ಲ. ನನ್ನ ಸಹಿ, ನನ್ನ ಹಟ, ಯಾವುದೂ ಬೇಕಿಲ್ಲ. ಅವಳಿಗೆ ನೀರು ಬೇಕು. ಅವಳು ಮತ್ತೆ ಬರುತ್ತಾಳೆ. ದಿನ ಕಳೆದ ಹಾಗೆ ಅವಳದೇ ಸಮಯ ಹೆಚ್ಚು, ನನ್ನದು ಕಡಿಮೆ.

ಮಾರ್ಚ್ 6, ಸೋಮವಾರ. ಮತ್ತೆ ಮೊದಲ ದಿನ

ಮಾರಿಸೆಲಾ ಕಾನೂನು ಹೇಳಿದಳು: "ಮಗಳು ನಿಮ್ಮ ಪರವಾಗಿ ತೀರ್ಮಾನ ಮಾಡೋಳು ಅಂತ ನೀವೇ ಬರೆದುಕೊಟ್ಟಿದೀರಿ. ನಿಮಗೆ ಬುದ್ಧಿ ನೆಟ್ಟಗಿಲ್ಲದಾಗ ನೀರು ಕೇಳಿದ್ರೆ ಅವ್ಳು ಹೇಳಿದ ಹಾಗೆ. ಅವ್ಳು ಕೊಡಿ ಅಂದ್ರೆ ಕೊಡ್ತೀನಿ. ಬೇಡ ಅಂದ್ರೆ ತುಟಿ ಒರೆಸಿ ಔಷಧಿ ಕೊಡ್ತೀನಿ. ಆದ್ರೆ ಅವಳ ಬದಲು ನಾನು 'ಬೇಡ' ಅನ್ನಲ್ಲ."

ಅಂದರೆ ಎಲ್ಲ ಡೆಲ್ಫೀನ್ ಮೇಲೆ.

ಥ್ಯಾಡ್ ಹೇಳಿದ: ಫೋನಿನಲ್ಲಿ ವಿಡಿಯೋ ಮಾಡಿಡಿ, ನೀವೇ ನಿಮಗೆ ಹೇಳಿದ ಹಾಗೆ. ಬುದ್ಧಿ ತಪ್ಪಿದಾಗ ಬರುವ ಆ ಇನ್ನೊಬ್ಬಳಿಗೆ ತೋರಿಸಬಹುದು. ಮಾಡಿದೆ. ಬಾಯಿ ಒಣಗುವ ಮುಂಚೆ, ದನಿ ಗಟ್ಟಿ ಇದ್ದಾಗಲೇ. "ನಾನು ರೋವೀನಾ. ನೀನು ನೀರು ಕೇಳ್ತಿದೀಯ. ಕೊಡಲ್ಲ. ಕೇಳ್ತಿರೋದು ನೀನಲ್ಲ, ಗಡ್ಡೆ. ಸುಮ್ನೆ ಮಲ್ಕೋ." ಎರಡು ಸಲ ತೆಗೆದೆವು. ಮೊದಲನೆಯದರಲ್ಲಿ ನನ್ನ ಕಣ್ಣಲ್ಲಿ ಭಯ ಕಾಣುತ್ತಿತ್ತು.

ಅವಳು ಕೇಳಿದರೂ ನೀರು ಕೊಡಲ್ಲ ಅಂತ ಮಾತು ಕೊಡು ಅಂದೆ ಮಗಳಿಗೆ. ಎದ್ದು ನಿಂತಳು.

"ತೊಂಬತ್ತನಾಲ್ಕರಲ್ಲಿ ನೀನು ಯಾಕೆ ಜೈಲಿಗೆ ಹೋದೆ ಹೇಳು."

"ಈಗ್ಯಾಕೆ ಅದು?"

"ಹೇಳಮ್ಮ! ಶಿಫ್ಟ್ ನಡುವೆ ನೀರು ಕುಡಿಯೋಕೆ ಬಿಡ್ಲಿಲ್ಲ ಅಂತ ಎಂಟ್ನೂರು ಜನನ ಗೇಟಿಗೆ ಕರ್ಕೊಂಡು ಬಂದೆ. ನಂಗೆ ಒಂಬತ್ತು ವರ್ಷ. ನಿನ್ನ ಭುಜದ ಮೇಲೆ ಕೂತು ನಾನೂ ಕೂಗ್ದೆ. ನೀರು ಕೇಳಿದೋಳಿಗೆ ಇಲ್ಲ ಅನ್ನೋನು ಮನುಷ್ಯನೇ ಅಲ್ಲ ಅಂತ ಮೈಕಲ್ಲಿ ಹೇಳಿದ್ದು ಯಾರು? ಈಗ ನನ್ನೇ ಸೂಪರ್‌ವೈಸರ್ ಮಾಡ್ತೀಯಾ?"

ಏಟು ಬಿದ್ದ ಹಾಗಾಯಿತು. ಹೌದು, ಅದೇ ನಾನು. ಆದರೂ ಬಿಡಲಿಲ್ಲ. ಬಿಟ್ಟರೆ ಹಾಲಿಸ್‌ಗೆ ಆದ ಗತಿಯೇ. ಬಿಟ್ಟರೆ ಏಪ್ರಿಲ್‌ನಲ್ಲಿ ಇದೇ ಹಾಸಿಗೆಯಲ್ಲಿ ಉಗುಳು ಸುರಿಸುತ್ತ, ಯಾರ ಹೆಸರೂ ಇಲ್ಲದೆ. ಇವಳದ್ದೂ.

"ಆ ಹೆಂಗಸು ಬೇರೆ ಡೆಲ್ಫೀನ್. ಅವಳು ನಾನಲ್ಲ."

"ಅವಳಿಗೂ ಬಾಯಾರುತ್ತಲ್ಲಮ್ಮ."

ಎರಡು ಗಂಟೆ ಜಗಳ. ಕೊನೆಗೆ ಕೈ ಹಿಡಿದಳು. "ಸರಿ" ಅಂದಳು. ಮುಖ ನೋಡಲಿಲ್ಲ.

ಮಾರ್ಚ್ 8. ಮೂರು

ಸಂಸ್ಥೆಯಿಂದ ಸುದ್ದಿ: ಒರೆಗಾನ್‌ನಲ್ಲಿ ಇನ್ನೊಬ್ಬ ಸದಸ್ಯ ಸಾಯುವ ಹಂತದಲ್ಲಿದ್ದಾನೆ. ಇರುವುದು ಒಂದೇ ತಂಡ. ಹದಿನೆಂಟನೇ ತಾರೀಕಿನವರೆಗೆ ನನ್ನ ಬಳಿ, ಆಮೇಲೆ ಅಲ್ಲಿಗೆ. ಅಷ್ಟರಲ್ಲಿ ಮುಗಿಯಬೇಕು. ಸಾಯಲೂ ಡೆಡ್‌ಲೈನ್.

ಇನ್ನೊಂದು ಸಲ ನೀರು ಕುಡಿದರೆ ಲೆಕ್ಕ ತಪ್ಪಿತು. ಐಸ್ ಇಲ್ಲ, ಯಾರೂ ಇಲ್ಲ. ಮಣ್ಣು.

ಮಾರ್ಚ್ 10. ಐದು

ಇವತ್ತು ಹೋದವು: ಚಮಚ. ಗುರುವಾರ. ಇವೆರಡನ್ನು ಮಗಳು ಹೇಳಿಕೊಟ್ಟಳು. ನನ್ನ ಗಂಡನ ಹೆಸರು. ಹತ್ತು ವರ್ಷದ ಹಿಂದೆ ತೀರಿಕೊಂಡವನು. ಮುಖ ಇದೆ, ಮೀಸೆ ಇದೆ. ಹೆಸರು ಇಲ್ಲ. ಮಗಳನ್ನು ಕೇಳಲು ನಾಚಿಕೆ.

ಅವಳು ಬಂದು ಹೋಗುತ್ತಾಳೆ, ಆ ಇನ್ನೊಬ್ಬಳು. ಬೆಳಿಗ್ಗೆ ಬಂದಿದ್ದಳಂತೆ. ಡೆಲ್ಫೀನ್ ಹೇಳಿದಳು, ಗೋಡೆ ನೋಡಿಕೊಂಡು. ನೀರು ಕೇಳಿದಳಂತೆ. "ವಿಡಿಯೋ ತೋರಿಸ್ದೆ, ನೀನು ಸುಮ್ಮನಾದೆ" ಅಂದಳು.

"ಕಷ್ಟ ಆಯ್ತಾ?"

"ನೀನು ಥ್ಯಾಂಕ್ಸ್ ಅಂದೆ. ನನ್ನ ಯಾರೋ ಅಂದ್ಕೊಂಡು."

ಗೆದ್ದೆ ಅನ್ನಬೇಕು. ಹೆದರಿಕೆಯೇ ಹೆಚ್ಚಾಯಿತು. ನಾನು ಒಳಗೆ ಹೋದಾಗಲೂ ಎಲ್ಲ ನಡೆಯುತ್ತಲೇ ಇರುತ್ತದೆ. ಯಾರೋ ನನ್ನ ಬಾಯಲ್ಲಿ ಮಾತಾಡುತ್ತಾರೆ. ಇನ್ನೂರು ವರ್ಷದ ಮೇಲೆ ಎಬ್ಬಿಸಿದರೆ ಏಳೋದು ಯಾರು? ನಾನೋ, ಅವಳೋ

ಮಾರ್ಚ್ 12

ಎದ್ದಿದ್ದೇನೆ. ಇದ್ದೇನೆ. ಬರೆಯಲು ಬೆರಳು

ಮಧ್ಯಾಹ್ನ

ಯಾರದೋ ಮನೆ. ಒಳ್ಳೆ ಬಿಸಿಲು. ಬಾಯಿ ಉರಿಯುತ್ತಿದೆ. ಪಕ್ಕದಲ್ಲಿ ಒಂದು ಹುಡುಗಿ, ಅಲ್ಲ, ಹೆಂಗಸು, ನಲವತ್ತರ ಹತ್ತಿರ. ಕಣ್ಣು ಕೆಂಪು. ನೀರು ಕೊಡಮ್ಮ ಅಂದೆ. ಕೊಡಲಿಲ್ಲ. ಫೋನ್ ಹಿಡಿದಳು ಮುಖಕ್ಕೆ.

ಫೋನಿನಲ್ಲಿ ಒಬ್ಬಳು ಮುದುಕಿ. ತುಟಿ ಬಿಗಿ. ನೀರು ಕೊಡಲ್ಲ ಅಂತಾಳೆ. ಸುಮ್ನೆ ಮಲ್ಕೋ ಅಂತಾಳೆ. ಯಾರಿವಳು ನನಗೆ ಹೇಳೋಕೆ? ಈ ದನಿ ಗೊತ್ತು ನನಗೆ. ಎತ್ತರದಲ್ಲಿ ನಿಂತು ಮಾತಾಡೋರ ದನಿ. ಇಂಥವರು ಗಟ್ಟಿಯಾಗಿ ಕಾಣ್ತಾರೆ, ಒಳಗೆ ಪುಕ್ಕಲರು.

ಹುಡುಗಿ ನಡುಗುತ್ತಿದ್ದಾಳೆ. ಅವಳಿಗೂ ಭಯ ಆ ಮುದುಕಿದು. ಪಾಪ, ಕೆಲಸದವಳಿರಬೇಕು.

"ಹೆದರ್ಬೇಡ ಮಗೂ" ಅಂದೆ. ಕೈ ಹಿಡಿದೆ. "ಅವಳು ಒಬ್ಳು. ನಾವು ಇಬ್ರು. ಇಬ್ರೂ ಒಟ್ಟಿಗಿದ್ರೆ ಏನೂ ಮಾಡಕಾಗಲ್ಲ ಅವಳ ಕೈಲಿ."

ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಅಮ್ಮಾ ಅಂತಾಳೆ. ಅವಳ ತಾಯಿ ಎಲ್ಲಿದ್ದಾಳೋ.

ಫೋನ್ ಕವುಚಿ ಇಟ್ಟಳು. ಎದ್ದಳು. ಅಡುಗೆಮನೆ ಕಡೆ ಹೋದಳು. ನಲ್ಲಿ ತಿರುಗಿಸಿದ ಸದ್ದು. ನೀರು ಬೀಳುತ್ತಿದೆ. ಲೋಟಕ್ಕೆ ಹಿಡೀತಿದ್ದಾಳೋ, ಅಳು ಕೇಳಬಾರದು ಅಂತ ಸುಮ್ಮನೆ ಬಿಟ್ಟಿದ್ದಾಳೋ… ಬೀಳುತ್ತಲೇ ಇದೆ. ಬರಲಿಲ್ಲ. ಇನ್ನೂ ಬೀಳುತ್ತಿದೆ. ಇನ್ನೂ